ಆಟಗಾರರ ತಾರತಮ್ಯ ನಿರ್ಣಯ

ಒಬ್ಬನಿಗಿಂತ ಮತ್ತೊಬ್ಬನು ಹೆಚ್ಚೆಂದು ಹೇಳುವುದು ಸುಲಭ. ಎಷ್ಟು ಹೆಚ್ಚೆಂದು ಹೇಳುವುದು ಕಷ್ಟ. ಹಾಗೆ ಹೇಳಿದುದು ನ್ಯಾಯವೆಂದು ಇಬ್ಬರಿಂದಲೂ ಒಪ್ಪಿಸುವುದು ಇನ್ನೂ ಕಷ್ಟ. ಮೂವತ್ತು ವರ್ಷಗಳಿಗೆ ಮಿಕ್ಕಿ ಪಾಠಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿ, ಅಂಕಗಳನ್ನು ಕೂಡಿಸಿ, ಮೊದಲನೆಯವನು ಇವನು, ಕಡೆಯವನು ಇವನು ಎಂದು ಪಟ್ಟಿ ಬರೆದ ನಮಗೆ ಈ ಮಾತಿನ ಸತ್ಯವು ಕೆಲಸದಲ್ಲಿದ್ದಾಗ ಹೊಳೆಯಲಿಲ್ಲ. ವಿಶ್ರಾಂತರಾದ ಮೇಲೆ, ಅದೂ ಮೊಮ್ಮಗನ ಕೈಯಲ್ಲಿದ್ದ ಮೊಬೈಲ್ ಫೋನಿನ ದೆಸೆಯಿಂದ, ಹೊಳೆಯಿತು. ಆ ಸಂಗತಿಯನ್ನು ವಾಚಕರೊಡನೆ ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ನಾವು ಈಗ ವಾಸವಾಗಿರುವುದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಜಾತ್ರೆಗೆ ಬಂದವರಿಗೆ ಈ ಸೀಮೆ ಪರಿಚಿತವಾಗಿಯೇ ಇರುತ್ತದೆ. ಮಳೆ ಕಡಮೆ, ಬಯಲು ಹೆಚ್ಚು. ಶೇಂಗಾ, ಕುರಿ, ಕಂಬಳಿ ಇವುಗಳಿಂದಲೇ ಬಹುಮಂದಿಯ ಜೀವನ. ಹಿಂದೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನಲ್ಲಿ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸುಮಾರು ೧೫೦೦ ಎಕರೆಗಳಷ್ಟು ನೆಲದಲ್ಲಿ ತನ್ನ ಎರಡನೆಯ ಆವರಣವನ್ನು ಮಾಡಿಕೊಂಡಿದೆ. ಗ್ರಾಮಾಂತರದ ಶಾಲಾ ಉಪಾಧ್ಯಾಯರಿಗೆ ವಿಜ್ಞಾನದ ತರಬೇತನ್ನು ಕೊಡತಕ್ಕ ಕೇಂದ್ರವೊಂದು ಅಲ್ಲಿ ನಡೆಯುತ್ತಿದೆ. ಹೀಗೆ ಕುರಿಯ ಹಟ್ಟಿಯೂ ವಿಜ್ಞಾನದ ಮಂದಿರವೂ ನೆರೆಹೊರೆಯಾಗಿರುವ ಊರು ಇದು.

ಕಳೆದ ಬೇಸಗೆಯ ರಜೆಗೆ ಬೆಂಗಳೂರಿನಿಂದ ನಮ್ಮ ಮೊಮ್ಮಗನು ಬಂದಿದ್ದನು. ಹದಿಮೂರು ವರ್ಷದ ಹುಡುಗ, ಚದುರಂಗದಲ್ಲಿ ಅಭಿರುಚಿಯುಳ್ಳವನು. ಪಕ್ಕದ ಬೀದಿಯ ಕುರಿಗಾಹಿಯೊಬ್ಬರ ಮಗನೂ ಅವನ ವಯಸ್ಸಿನವನೇ. ಶಾಲೆಯಲ್ಲಿ ಚದುರಂಗವನ್ನು ಕಲಿತವನು. ಇಬ್ಬರೂ ಸಾಯಂಕಾಲದ ಹೊತ್ತು ನಮ್ಮ ಜಗಲಿಯ ಮೇಲೆ ಹಲಗೆಯನ್ನು ಹರಡಿಕೊಂಡು ಕೂಡುತ್ತಿದ್ದರು. ಮೊದಲ ವಾರದಲ್ಲಿ ಐದು ಆಟಗಳಾದವು; ಅವುಗಳಲ್ಲಿ ನಾಲ್ಕನ್ನು ಕುರಿಗಾಹಿಯ ಮಗನೇ ಗೆದ್ದನು. ಆರನೆಯ ದಿನ ನಮ್ಮ ಮೊಮ್ಮಗನು ಹಲಗೆಯ ಮುಂದೆ ಕೂಡಲಿಲ್ಲ. ಕಾರಣವನ್ನು ಕೇಳಿದೆವು.

“ಅವನ ರೇಟಿಂಗ್ ಸಾವಿರದ ನೂರು ತಾತ. ನನ್ನದು ಸಾವಿರದ ಮುನ್ನೂರ ನಲವತ್ತು. ಅವನು ನನಗಿಂತ ಕೆಳಗಿನವನು. ಅವನ ಜೊತೆ ಆಡಿದರೆ ನನಗೇನು ಬರುತ್ತೆ?” ಎಂದನು.

ನಾಲ್ಕು ಸಲ ತನ್ನನ್ನು ಸೋಲಿಸಿದವನನ್ನು ಕೆಳಗಿನವನೆಂದು ಹೇಳುವ ಧೈರ್ಯ ಈ ಹುಡುಗನಿಗೆ ಎಲ್ಲಿಂದ ಬಂತೆಂದು ನಮಗೆ ಆಶ್ಚರ್ಯವಾಯಿತು. ವಿಚಾರಿಸಲಾಗಿ, ಇಬ್ಬರೂ ಫೋನಿನ ಮೂಲಕ ಒಂದೇ ಆನ್‌ಲೈನ್ ಚದುರಂಗದ ಕೂಟದಲ್ಲಿ, ಮುಖ ಕಾಣದ ದೂರದ ಎದುರಾಳಿಗಳೊಡನೆ ಆಡುತ್ತಿದ್ದರೆಂದೂ, ಅಲ್ಲಿ ಪ್ರತಿಯೊಬ್ಬ ಆಟಗಾರನ ಹೆಸರಿನ ಮುಂದೆಯೂ ಅವನ ಶಕ್ತಿಯನ್ನು ಸೂಚಿಸುವ ಸಂಖ್ಯೆಯೊಂದಿರುವುದೆಂದೂ ತಿಳಿಯಿತು. ಅಷ್ಟೇ ಅಲ್ಲ, ನಮ್ಮ ಮೊಮ್ಮಗನು ೧೩೪೦ನ್ನು ಮುಟ್ಟಿದ ದಿನದಿಂದ ಫೋನಿನಲ್ಲಿಯೂ ಆಡುವುದನ್ನು ನಿಲ್ಲಿಸಿಬಿಟ್ಟಿದ್ದನು! ಆಡಿದರೆ ಸೋಲಬಹುದು, ಸೋತರೆ ಸಂಖ್ಯೆ ಇಳಿಯಬಹುದು ಎಂಬುದೇ ಅವನ ಅಂಜಿಕೆ. ಇನ್ನೊಬ್ಬ ಹುಡುಗನನ್ನು ಕೇಳಿದ್ದಕ್ಕೆ ಅವನು ನೆಲವನ್ನು ನೋಡುತ್ತ, “ಆಟದ ಮಧ್ಯ ಟವರ್ ಹೋಗ್ಬಿಡ್ತದೆ ಮೇಷ್ಟ್ರೇ. ಸೋತೆ ಅಂತ ಬರ್ಕೊಂಡ್ಬಿಡ್ತದೆ” ಎಂದನು.

ಒಬ್ಬನು ಸಂಖ್ಯೆಯನ್ನು ಕಾಪಾಡುವುದಕ್ಕಾಗಿ ಆಟವನ್ನೇ ಬಿಟ್ಟಿದ್ದಾನೆ. ಮತ್ತೊಬ್ಬನು ತನ್ನದಲ್ಲದ ತಪ್ಪಿಗಾಗಿ ಸಂಖ್ಯೆಯನ್ನು ಕಳೆದುಕೊಂಡಿದ್ದಾನೆ. ಹಾಗಾದರೆ ಈ ಸಂಖ್ಯೆಯೆಂಬುದು ಏನು? ಅದನ್ನು ಕಟ್ಟುವವರು ಯಾವ ನ್ಯಾಯವನ್ನು ಅನುಸರಿಸುತ್ತಾರೆ? ರೇಟಿಂಗ್ ಎಂಬ ಈ ಅಂಕವನ್ನು ನಮ್ಮ ಅನುಕೂಲಕ್ಕಾಗಿ “ಬಲಾಂಕ”ವೆಂದು ಕರೆದು ವಿಚಾರಕ್ಕೆ ತೊಡಗೋಣ.

ಆಟಗಾರರಲ್ಲಿ ಸಮಾನರನ್ನು ಸಮಾನರೊಡನೆ ಕೂಡಿಸುವ ಕಲೆ ನಮಗೆ ಹೊಸದಲ್ಲ. ಜಾತ್ರೆಯ ಕುಸ್ತಿಯ ಅಖಾಡದಲ್ಲಿ ಹಿರಿಯರು ಪೈಲ್ವಾನರ ಜೋಡಿ ಕಟ್ಟುವುದನ್ನು ಯಾರು ಕಂಡಿಲ್ಲ? ಇವನ ಮೈಕಟ್ಟೇನು, ಯಾವ ಗರಡಿಯವನು, ಕಳೆದ ವರ್ಷ ಯಾರನ್ನು ಕೆಡವಿದನು, ಯಾರಿಂದ ಬಿದ್ದನು ಎಂಬುದನ್ನೆಲ್ಲ ಮನಸ್ಸಿನಲ್ಲಿಯೇ ತೂಗಿ ಅವರು ಜೋಡಿಯನ್ನು ನಿರ್ಣಯಿಸುತ್ತಾರೆ. ಜೋಡಿ ಸರಿಯಾಗಿದ್ದರೆ ಕುಸ್ತಿ ನೋಡುವವರಿಗೂ ಸೊಗಸು, ಹಿಡಿಯುವವರಿಗೂ ಮಾನ. ಆನೆಯನ್ನೂ ಆಡನ್ನೂ ಎದುರುಬದುರು ನಿಲ್ಲಿಸಿದರೆ ಗೆದ್ದವನಿಗೂ ಕೀರ್ತಿಯಿಲ್ಲ, ಸೋತವನಿಗೂ ಪಾಠವಿಲ್ಲ. ಆದರೆ ಆ ಹಿರಿಯರಿಗೆ ಗೊತ್ತಿರುವುದು ಸುತ್ತಲ ಹತ್ತೂರಿನ ಪೈಲ್ವಾನರು ಮಾತ್ರ. ಲಕ್ಷಗಟ್ಟಲೆ ಆಟಗಾರರು ಪರಸ್ಪರ ಕಾಣದೆ ಆಡುವಲ್ಲಿ ಹಿರಿಯರ ಕಣ್ಣಿನ ಕೆಲಸವನ್ನು ಗಣಿತವು ಮಾಡಬೇಕಾಗುತ್ತದೆ.

ಗೆಲುವುಗಳನ್ನು ಎಣಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಹಸುಳೆಗಳನ್ನು ಹತ್ತು ಸಲ ಗೆದ್ದವನೂ, ಪ್ರವೀಣರನ್ನು ಹತ್ತು ಸಲ ಗೆದ್ದವನೂ ಎಣಿಕೆಯಲ್ಲಿ ಒಂದೇ ಆಗಿಬಿಡುತ್ತಾರೆ. ಈ ತೊಡಕನ್ನು ಬಿಡಿಸುವುದಕ್ಕೆ ೧೯೨೯ರಲ್ಲಿಯೇ ಝರ್ಮೆಲೊ ಎಂಬ ಜರ್ಮನ್ ಗಣಿತಜ್ಞರು ಪಂದ್ಯಗಳ ಫಲಿತಾಂಶದಿಂದ ಆಟಗಾರರ ಬಲವನ್ನು ಕಂಡುಹಿಡಿಯುವ ಮಾರ್ಗವೊಂದನ್ನು ಬರೆದಿದ್ದರು. ಆದರೆ ಲೋಕದಲ್ಲಿ ಬಳಕೆಗೆ ಬಂದ ಪದ್ಧತಿಯು ಆರ್ಪಾಡ್ ಎಲೊ ಎಂಬವರದು. ೧೯೦೩ರಲ್ಲಿ ಹಂಗರಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಇವರು ಮಿಲ್ವಾಕಿ ನಗರದ ಮಾರ್ಕೆಟ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ತಾವೂ ಬಲಿಷ್ಠ ಚದುರಂಗಪಟುಗಳು. ಇವರ ಪದ್ಧತಿಯನ್ನು ಅಮೆರಿಕದ ಚದುರಂಗ ಸಂಘವು ೧೯೬೦ರಲ್ಲಿಯೂ, ಫಿಡೆ ಎಂಬ ಅಂತರರಾಷ್ಟ್ರೀಯ ಸಂಘವು ೧೯೭೦ರಲ್ಲಿಯೂ ಅಂಗೀಕರಿಸಿದವು. ಎಲೊ ಅವರು ೧೯೯೨ರಲ್ಲಿ ತೀರಿಕೊಂಡರು. ಅವರ ಹೆಸರು ಮಾತ್ರ ಇಂದು ಚದುರಂಗವಾಡುವ ಮಕ್ಕಳೆಲ್ಲರ ನಾಲಗೆಯ ಮೇಲಿದೆ.

ಅವರ ಯುಕ್ತಿ ಸರಳವಾದುದು. ಆಟಕ್ಕೆ ಮುಂಚೆ ಇಬ್ಬರ ಬಲಾಂಕಗಳ ಅಂತರವನ್ನು ನೋಡಿ, ಯಾರಿಗೆ ಎಷ್ಟು ಪಾಲು ಗೆಲುವು ಬರಬೇಕೆಂದು ನಿರೀಕ್ಷಿಸಬೇಕು. ಅಂತರವಿಲ್ಲದಿದ್ದರೆ ನೂರಕ್ಕೆ ೫೦. ಅಂತರವು ೧೦೦ ಆದರೆ ಮೇಲಿನವನಿಗೆ ಸುಮಾರು ೬೪. ೨೦೦ ಆದರೆ ೭೬. ೪೦೦ ಆದರೆ ೯೧. ಆಟವಾದ ಮೇಲೆ ನಿರೀಕ್ಷೆಗೂ ಫಲಕ್ಕೂ ಇರುವ ವ್ಯತ್ಯಾಸವನ್ನು ಒಂದು ಗೊತ್ತಾದ ಸಂಖ್ಯೆಯಿಂದ ಗುಣಿಸಿ, ಒಬ್ಬನಿಗೆ ಕೂಡಿಸಿ ಮತ್ತೊಬ್ಬನಿಗೆ ಕಳೆಯಬೇಕು. ಗುಣಕವು ೨೦ ಎಂದಿಟ್ಟುಕೊಳ್ಳೋಣ. ೧೨೦೦ರವನು ೧೪೦೦ರವನನ್ನು ಗೆದ್ದರೆ, ಅದು ಅನಿರೀಕ್ಷಿತವಾದ್ದರಿಂದ, ಅವನಿಗೆ ೧೫ ಅಂಕಗಳ ಲಾಭ. ೧೪೦೦ರವನಿಗೆ ಅಷ್ಟೇ ನಷ್ಟ. ೧೪೦೦ರವನೇ ಗೆದ್ದರೆ ಅವನಿಗೆ ಸಿಗುವುದು ೫ ಮಾತ್ರ. ನಿರೀಕ್ಷಿತವಾದುದಕ್ಕೆ ಹೆಚ್ಚು ಬಹುಮಾನವೇಕೆ? ಹೀಗೆ ಎದುರಾಳಿಯ ಯೋಗ್ಯತೆಯು ಗೆಲುವಿನ ಬೆಲೆಯನ್ನು ನಿರ್ಣಯಿಸುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಹೇಳಿದರೆಂದು ಈ ಸೀಮೆಯ ಮಕ್ಕಳಿಗೂ ಬಾಯಿಪಾಠವಾಗಿರುವ “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತಿಗೆ ಈ ಲೆಕ್ಕವು ಬಹಳ ಹತ್ತಿರವಾಗಿದೆಯೆಂದು ನಮಗೆ ತೋರುತ್ತದೆ.

ಈ ಲೆಕ್ಕದಂತೆ ೨೪೦ ಅಂಕಗಳಷ್ಟು ಮೇಲಿರುವ ನಮ್ಮ ಮೊಮ್ಮಗನು ನೂರಕ್ಕೆ ೮೦ ಪಾಲು ಗೆಲ್ಲಬೇಕಾಗಿತ್ತು. ಜಗಲಿಯ ಮೇಲೆ ನಡೆದುದು ಇದಕ್ಕೆ ವಿಪರೀತ. ಐದೇ ಆಟಗಳಿಂದ ಸಿದ್ಧಾಂತ ಮಾಡಲಾಗದು, ನಿಜ. ಆದರೂ ಸಂಖ್ಯೆಯು ಎಲ್ಲಿಯೋ ದಾರಿ ತಪ್ಪಿದೆಯೆಂದು ಶಂಕಿಸುವುದಕ್ಕೆ ಅಷ್ಟು ಸಾಕು.

ಇಲ್ಲಿ ತರ್ಕಶಾಸ್ತ್ರದ ಒಂದು ಮಾತನ್ನು ನೆನೆಯುವುದು ಯುಕ್ತ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಬೆಂಕಿಯು ಕಣ್ಣಿಗೆ ಕಾಣಲಿಲ್ಲ, ಕುರುಹಿನಿಂದ ಊಹಿಸಿದೆವು. ಆಟಗಾರನ ಸಾಮರ್ಥ್ಯವೂ ಹಾಗೆಯೇ ಕಣ್ಣಿಗೆ ಕಾಣತಕ್ಕದ್ದಲ್ಲ. ಗೆಲುವು ಸೋಲುಗಳೆಂಬ ಕುರುಹುಗಳಿಂದ ಊಹಿಸತಕ್ಕದ್ದು. ಬಲಾಂಕವೆಂಬುದು ಪ್ರತ್ಯಕ್ಷವಲ್ಲ, ಅನುಮಾನ. ಮುಂದಿನ ಆಟದಲ್ಲಿ ಏನಾಗಬಹುದೆಂಬ ಊಹೆಯೇ ಹೊರತು, ಆಡಿದವನ ಹಣೆಯ ಬರಹವಲ್ಲ. ನೀರಿನ ಮೇಲೆ ಏಳುತ್ತ ಬೀಳುತ್ತ ತೇಲುವ ಬೆಂಡನ್ನು, ಗಾಳಿಗೆ ಓಲಾಡುವ ಹಗ್ಗಕ್ಕೆ ಕಟ್ಟಿದ ಅಳತೆಕೋಲಿನಿಂದ ಅಳೆದಂತೆ ಇದು ಎಂಬ ಅರ್ಥದ ಉಪಮೆಯನ್ನು ಎಲೊ ಅವರೇ ಕೊಟ್ಟಿದ್ದರಂತೆ. ಅಳತೆಯನ್ನು ಕಂಡುಹಿಡಿದವರಿಗಿದ್ದ ವಿನಯವು ಅದನ್ನು ಬಳಸುವ ನಮಗೂ ಇರಬೇಡವೆ?

ಊಹೆಯೆಂದ ಮೇಲೆ ಅದರಲ್ಲಿ ಸಂದೇಹದ ಪ್ರಮಾಣವೂ ಇರಬೇಕು. ನಮ್ಮ ಸೀಮೆಯ ರೈತನನ್ನು ಒಂದು ವರ್ಷದ ಶೇಂಗಾ ಬೆಳೆಯಿಂದ ಅಳೆಯಬಹುದೆ? ಮಳೆ ಕೈಕೊಟ್ಟ ವರ್ಷ ನಿಪುಣನ ಹೊಲವೂ ಒಣಗುವುದು. ಹದವಾಗಿ ಸುರಿದ ವರ್ಷ ಸೋಮಾರಿಯ ಹೊಲದಲ್ಲಿಯೂ ಕಾಯಿ ಕಟ್ಟುವುದು. ಹತ್ತು ವರ್ಷದ ಬೆಳೆಯನ್ನು ಕಂಡಮೇಲೆಯೇ ಇವನು ಒಳ್ಳೆಯ ಬೇಸಾಯಗಾರನೆಂದು ಧೈರ್ಯವಾಗಿ ಹೇಳಬಹುದು. ಈ ಸಂದೇಹವನ್ನು ಲೆಕ್ಕದೊಳಕ್ಕೆ ತಂದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ಮಾರ್ಕ್ ಗ್ಲಿಕ್‌ಮನ್. ೧೯೯೫ರಲ್ಲಿ ಅವರು ಗ್ಲಿಕೊ ಎಂಬ ಪದ್ಧತಿಯನ್ನು ರಚಿಸಿ, ಪ್ರತಿಯೊಬ್ಬನಿಗೂ ಬಲಾಂಕದ ಜೊತೆಗೆ ಸಂದೇಹಾಂಕವೊಂದನ್ನೂ ಕೊಟ್ಟರು. ಹೊಸಬನ ಬಲಾಂಕ ೧೫೦೦. ಅವನ ವಿಷಯದಲ್ಲಿ ನಮಗಿರುವ ಸಂದೇಹ ೩೫೦. ಅಂದರೆ ಅವನು ನಿಜವಾಗಿ ಎಲ್ಲಿರುವನೋ ನಮಗಿನ್ನೂ ತಿಳಿಯದು ಎಂದು ಲೆಕ್ಕವು ಒಪ್ಪಿಕೊಂಡಂತಾಯಿತು. ಅವನು ಆಡಿದಂತೆಲ್ಲ ಸಂದೇಹವು ಕುಗ್ಗುತ್ತದೆ. ಬಹುಕಾಲ ಆಡದೆ ಕುಳಿತರೆ ಮತ್ತೆ ಬೆಳೆಯುತ್ತದೆ. ಸಂದೇಹವು ಹೆಚ್ಚಿರುವಾಗ ಬಲಾಂಕವು ಬೇಗ ಬದಲಾಗುವುದು, ಕಡಮೆಯಾದಾಗ ನಿಧಾನವಾಗುವುದು. ಇಂದು ಜಾಲದ ಪ್ರಸಿದ್ಧ ಚದುರಂಗ ಕೂಟಗಳು ಅನುಸರಿಸುವುದು ಈ ಪದ್ಧತಿಯನ್ನೇ, ಅಥವಾ ಇದರ ಪರಿಷ್ಕೃತ ರೂಪವನ್ನೇ. ಫಿಡೆ ಸಂಘವು ಗುಣಕವನ್ನೇ ಬದಲಾಯಿಸಿ ಇದೇ ಪ್ರಯೋಜನವನ್ನು ಸಾಧಿಸುತ್ತದೆ: ಹೊಸಬರಿಗೆ ಮೊದಲ ೩೦ ಆಟಗಳವರೆಗೆ ೪೦, ಸಾಮಾನ್ಯರಿಗೆ ೨೦, ಒಮ್ಮೆ ೨೪೦೦ನ್ನು ಮುಟ್ಟಿದವರಿಗೆ ೧೦.

ಇದನ್ನು ತಿಳಿದ ಮೇಲೆ ನಮ್ಮ ಮೊಮ್ಮಗನ ಯುಕ್ತಿಯು ಎಷ್ಟು ಟೊಳ್ಳೆಂಬುದು ವಾಚಕರಿಗೆ ಗೊತ್ತಾಗಿರಬೇಕು. ಆಡದೆ ಕಾಪಾಡಿದ ಬಲಾಂಕವು ಹಾಗೆಯೇ ಉಳಿದಂತೆ ಕಂಡರೂ, ಅದರ ಹಿಂದಿನ ಭರವಸೆಯು ದಿನದಿನಕ್ಕೂ ಕರಗುತ್ತಿರುತ್ತದೆ. ಪೆಟ್ಟಿಗೆಯಲ್ಲಿಟ್ಟ ಬಿತ್ತನೆಯ ಬೀಜದ ಹಾಗೆ.

ಚದುರಂಗವಾದರೋ ಇಬ್ಬರ ಆಟ. ಗುಂಪಿನ ಆಟಗಳಲ್ಲಿ ತೊಡಕು ಇನ್ನೂ ಹೆಚ್ಚು. ಊರ ಕಟ್ಟೆಯ ಮೇಲೆ ದೊಡ್ಡ ಹುಡುಗರು ನಾಲ್ವರು ಒಂದು ತಂಡವಾಗಿ, ನೂರು ಜನರ ಕಾಳಗದಲ್ಲಿ ಕೊನೆಯವರೆಗೆ ಉಳಿಯುವ ಆಟವನ್ನಾಡುವುದನ್ನು ನಾವು ನೋಡಿದ್ದೇವೆ. ತಂಡವು ಗೆದ್ದರೆ ಆ ಗೆಲುವು ಯಾರದು? ಮುಂದೆ ನುಗ್ಗಿದವನದೋ, ಹಿಂದೆ ನಿಂತು ಗಾಯಗೊಂಡವನನ್ನು ಎಬ್ಬಿಸಿದವನದೋ? ೨೦೦೫ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ತಮ್ಮ ಎಕ್ಸ್‌ಬಾಕ್ಸ್ ಆಟಗಳಿಗಾಗಿ ಟ್ರೂಸ್ಕಿಲ್ ಎಂಬ ಪದ್ಧತಿಯನ್ನು ಬಳಕೆಗೆ ತಂದರು. ಅದು ತಂಡದ ಬಲವನ್ನು ಸದಸ್ಯರ ಬಲಗಳ ಮೊತ್ತವೆಂದು ಭಾವಿಸಿ, ಫಲವನ್ನು ಅವರವರ ವಿಷಯದಲ್ಲಿರುವ ಸಂದೇಹಕ್ಕೆ ಅನುಗುಣವಾಗಿ ಹಂಚುತ್ತದೆ. ಅದರಲ್ಲಿ ಹೊಸಬನ ಬಲ ೨೫ ಎಂದು ಊಹೆ. ಆದರೆ ಹೊರಗೆ ತೋರಿಸುವಾಗ ಸಂದೇಹದ ಮೂರು ಪಾಲನ್ನು ಕಳೆದು, ಸೊನ್ನೆಯಿಂದಲೇ ಆರಂಭಿಸುತ್ತಾರೆ. ಸ್ಪಷ್ಟವಾಗಿ ಸಾಧಿಸಿ ತೋರಿಸಿದಷ್ಟನ್ನು ಮಾತ್ರ ಹೆಸರಿನ ಮುಂದೆ ಬರೆಯುವುದೆಂದು ತಾತ್ಪರ್ಯ. ಒಂದೇ ತಂಡದಲ್ಲಿ ಯಾವಾಗಲೂ ಕೂಡಿ ಆಡುವವರಲ್ಲಿ ಯಾರು ಹೆಚ್ಚೆಂಬುದು ಮಾತ್ರ ಇಂಥ ಲೆಕ್ಕಕ್ಕೆ ಸುಲಭವಾಗಿ ಸಿಕ್ಕದು. ಜೊತೆಗಾರರು ಬದಲಾದಾಗಲೇ ಅದು ಬಯಲಾಗುವುದು.

ಕಟ್ಟೆಯ ಹುಡುಗರು ಬಲಾಂಕವನ್ನು ಹೇಳುವುದಿಲ್ಲ. ಕಂಚು, ಬೆಳ್ಳಿ, ಚಿನ್ನ, ವಜ್ರ, ಕಿರೀಟ ಎಂಬ ಪದವಿಗಳನ್ನು ಹೇಳುತ್ತಾರೆ. ಇದು ಬೇರೆಯ ಬಗೆ. ಇಂಥ ಏಣಿಗಳಲ್ಲಿ ಪದವಿಯು ಬಲವನ್ನು ಮಾತ್ರವಲ್ಲದೆ, ಆಡಿದ ಹೊತ್ತನ್ನೂ ತೋರಿಸಬಹುದು. ಸೋಲಿಗೆ ಕಳೆಯುವುದು ಕಡಮೆ, ಗೆಲುವಿಗೆ ಕೂಡಿಸುವುದು ಹೆಚ್ಚಾಗಿದ್ದರೆ, ಹೊತ್ತುಗೊತ್ತಿಲ್ಲದೆ ಆಡುವವನು ಮೆಲ್ಲಮೆಲ್ಲನೆ ಮೇಲೇರಿಯೇ ಏರುತ್ತಾನೆ. ಕೆಲವು ತಿಂಗಳಿಗೊಮ್ಮೆ ಋತು ಮುಗಿಯಿತೆಂದು ಎಲ್ಲರನ್ನೂ ಕೆಳಗಿಳಿಸಿ ಮತ್ತೆ ಹತ್ತಿಸುವುದೂ ಉಂಟು. ಬಹು ಆಟಗಳಲ್ಲಿ ಜೋಡಿ ಕಟ್ಟುವುದಕ್ಕೆ ಬಳಸುವ ನಿಜವಾದ ಬಲಾಂಕವನ್ನು ಒಳಗೆ ಗುಟ್ಟಾಗಿಟ್ಟು, ಹೊರಗೆ ಈ ಪದವಿಯನ್ನು ತೋರಿಸುತ್ತಾರೆ. ಪದವಿಯ ಆಸೆಯಿಂದ ಮಕ್ಕಳು ಬಿಡದೆ ಬರುತ್ತಾರೆಂಬುದು ಆಟದ ವ್ಯಾಪಾರಿಗಳಿಗೆ ಗೊತ್ತಿಲ್ಲದ ವಿಷಯವಲ್ಲ. ಅಭ್ಯಾಸಕ್ಕೆ ಮನ್ನಣೆ ಕೊಡುವುದು ತಪ್ಪಲ್ಲ. ಆದರೆ ಅಭ್ಯಾಸದ ಹೊತ್ತನ್ನು ಯೋಗ್ಯತೆಯೆಂದು ಕರೆಯುವುದು ಸತ್ಯವಲ್ಲ.

ಇನ್ನು ವಂಚನೆಯ ಮಾತು. ಬೇರೆ ಊರಿನ ಪ್ರಸಿದ್ಧ ಪೈಲ್ವಾನನೊಬ್ಬನು ಸುಳ್ಳು ಹೆಸರನ್ನು ಹೇಳಿಕೊಂಡು ಜಾತ್ರೆಯ ಮರಿಕುಸ್ತಿಗೆ ಇಳಿದರೆ ಏನಾಗುವುದು? ಜಾಲದ ಆಟಗಳಲ್ಲಿ ಇದು ಪ್ರತಿದಿನದ ಸಂಗತಿ. ಪ್ರವೀಣರು ಹೊಸ ಹೆಸರಿನಲ್ಲಿ ಪ್ರವೇಶಿಸಿ ಕಲಿಯುವವರನ್ನು ಬಡಿಯುವರು. ಕೆಲವರು ಬೇಕೆಂದೇ ಸೋತು ಕೆಳಗಿಳಿದು ಸುಲಭದ ಎದುರಾಳಿಗಳನ್ನು ಹುಡುಕುವರು. ಇನ್ನು ಕೆಲವರು ತಮ್ಮ ಹೆಸರಿನಲ್ಲಿ ಬಲ್ಲವರಿಂದ ಆಡಿಸಿ ಪದವಿಯನ್ನು ಕೊಳ್ಳುವರು. ಹೊಸಬನು ಹತ್ತಾರು ಸಲ ಒಂದೇ ಸಮನೆ ಗೆದ್ದರೆ ಅವನನ್ನು ತಟ್ಟನೆ ಮೇಲಕ್ಕೆ ಸಾಗಿಸುವುದೇ ಇದಕ್ಕೆ ಮೊದಲ ಮದ್ದು. ಸಂದೇಹಾಂಕವು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಎಲ್ಲರೂ ಪ್ರಾಮಾಣಿಕರಾಗಿದ್ದರೂ ಅಳತೆಗೋಲೇ ಕುಗ್ಗುವುದುಂಟು. ಚಿಕ್ಕ ಮಕ್ಕಳು ಮನೆಯಲ್ಲಿಯೇ ಜಾಲದ ಮೂಲಕ ಕಲಿತು ಬಲಿತು, ಕಡಮೆ ಬಲಾಂಕದಿಂದ ಪಂದ್ಯಗಳಿಗೆ ಬಂದು, ಹಿರಿಯರ ಅಂಕಗಳನ್ನು ಸೆಳೆದುಕೊಳ್ಳತೊಡಗಿದರು. ಅಂಕಗಳು ಬಹುಮಟ್ಟಿಗೆ ಒಬ್ಬನಿಂದ ಮತ್ತೊಬ್ಬನಿಗೆ ಹೋಗುವುವೇ ಹೊರತು ಹೊಸದಾಗಿ ಹುಟ್ಟುವುದು ಕಡಮೆಯಷ್ಟೆ. ಆದ್ದರಿಂದ ಒಟ್ಟು ಸಮುದಾಯದ ಅಂಕಗಳೇ ನಿಜವಾದ ಬಲಕ್ಕಿಂತ ಕೆಳಗಿಳಿದವು. ೨೦೨೪ರ ಮಾರ್ಚಿಯಲ್ಲಿ ಫಿಡೆ ಸಂಘವು ೨೦೦೦ಕ್ಕಿಂತ ಕೆಳಗಿದ್ದವರೆಲ್ಲರ ಬಲಾಂಕವನ್ನೂ, ೨೦೦೦ಕ್ಕೆ ಎಷ್ಟು ಕಡಮೆಯೋ ಅದರ ನೂರಕ್ಕೆ ೪೦ ಪಾಲಿನಷ್ಟು ಒಮ್ಮೆಗೇ ಏರಿಸಿತು: ೧೦೦೦ದವನು ೧೪೦೦ ಆದನು, ೧೫೦೦ರವನು ೧೭೦೦ ಆದನು. ಒಂದು ರಾತ್ರಿಯಲ್ಲಿ ಯಾರ ಆಟವೂ ಉತ್ತಮವಾಗಲಿಲ್ಲ. ಸಂಖ್ಯೆ ಮಾತ್ರ ಬದಲಾಯಿತು. ಇದೇನೂ ವಿನೋದದ ಲೆಕ್ಕವಲ್ಲ. ಗ್ರ್ಯಾಂಡ್‌ಮಾಸ್ಟರ್ ಬಿರುದಿಗೆ ೨೫೦೦ರ ಬಲಾಂಕವನ್ನು ಮುಟ್ಟಲೇಬೇಕು. ೨೦೧೭ರಲ್ಲಿ ಮೈಸೂರಿನ ತೇಜ್‌ಕುಮಾರ್ ಅವರು ಆ ಬಿರುದನ್ನು ಪಡೆದ ಮೊದಲ ಕರ್ನಾಟಕದವರಾದಾಗ ಇಡೀ ನಾಡು ಸಂತೋಷಪಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯ ಆಟಗಳಿಗಾಗಿ ಅಷ್ಟು ಬುದ್ಧಿಯನ್ನು ವ್ಯಯಮಾಡಿ, ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಅವಕ್ಕೆ ಮೀಸಲಿಟ್ಟ ಮೈಸೂರಿನಲ್ಲಿ ಇದು ನಡೆದುದು ಉಚಿತವೇ ಸರಿ. ೨೦೨೫ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಗಳನ್ನು ಮನ್ನಿಸುವ ಕಾನೂನನ್ನು ಮಾಡಿತು. ಕ್ರೀಡೆಯೆಂದು ಒಪ್ಪಿದ ಮೇಲೆ ಅದರ ತಾರತಮ್ಯ ನಿರ್ಣಯವು ನ್ಯಾಯವಾಗಿರಬೇಕೆಂದು ಕೇಳುವ ಹಕ್ಕು ಆಡುವ ಮಕ್ಕಳಿಗೂ ಅವರ ತಾಯಿತಂದೆಗಳಿಗೂ ಇದೆ.

ಈಗ ಕುರಿಗಾಹಿಯ ಮಗನ ದೂರಿಗೆ ಬರೋಣ. ತಾರ್ಕಿಕರು ಹೇಳುವುದೇನೆಂದರೆ, ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು; ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಏಕೆಂದರೆ ಹಸಿಯ ಸೌದೆ ಸೇರಿದಲ್ಲಿ ಮಾತ್ರ ಬೆಂಕಿಯಿಂದ ಹೊಗೆಯೇಳುವುದು. ಆ ಹಸಿಯ ಸೌದೆಯನ್ನು ಅವರು ಉಪಾಧಿಯೆನ್ನುತ್ತಾರೆ. ಸೋತನು, ಆದ್ದರಿಂದ ದುರ್ಬಲನು ಎಂಬ ಅನುಮಾನದಲ್ಲಿಯೂ ಒಂದು ಉಪಾಧಿಯಿದೆ: ಆಟವು ಕೊನೆಯವರೆಗೆ ನಡೆದಿರಬೇಕು. ನಡುವೆ ಸಂಪರ್ಕವು ಕಡಿದುಹೋದರೆ ಆ ಸೋಲು ದೂರವಾಣಿಯ ಗೋಪುರವನ್ನು ಕುರಿತು ಏನಾದರೂ ಹೇಳೀತೇ ಹೊರತು, ಹುಡುಗನ ಚದುರಂಗವನ್ನು ಕುರಿತು ಏನನ್ನೂ ಹೇಳದು.

ಹಾಗಾದರೆ ಕಡಿದುಹೋದ ಆಟಗಳನ್ನೆಲ್ಲ ಲೆಕ್ಕದಿಂದ ಬಿಟ್ಟುಬಿಡಬಹುದಲ್ಲವೆ? ಇಲ್ಲಿಯೇ ಕಷ್ಟವಿರುವುದು. ಬಿಟ್ಟುಬಿಡುವ ನಿಯಮವನ್ನು ಮಾಡಿದರೆ, ಸೋಲು ಹತ್ತಿರ ಬಂದಾಗ ಬೇಕೆಂದೇ ಸಂಪರ್ಕವನ್ನು ಕಡಿದುಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಗೆಲ್ಲುತ್ತಿದ್ದ ಎದುರಾಳಿಗೆ ಅನ್ಯಾಯವಾಗುತ್ತದೆ. ಬಿಡದಿದ್ದರೆ ಹಳ್ಳಿಯ ಹುಡುಗನಿಗೆ ಅನ್ಯಾಯ. ವಿವೇಕಿಗಳಾದ ನಿರ್ಮಾಪಕರು ನಡುವಣ ದಾರಿಯನ್ನು ಹಿಡಿಯುತ್ತಾರೆ: ಹಿಂದಿರುಗಿ ಬರುವುದಕ್ಕೆ ಸ್ವಲ್ಪ ಹೊತ್ತು ಕಾಯುವುದು, ಆರಂಭದಲ್ಲಿಯೇ ಕಡಿದ ಆಟವನ್ನು ರದ್ದುಮಾಡುವುದು, ಸೋಲುವಾಗ ಮಾತ್ರ ಪದೇ ಪದೇ ಕಾಣೆಯಾಗುವವನನ್ನು ಗುರುತಿಸಿ ಅವನಿಗೆ ದಂಡ ವಿಧಿಸುವುದು. ಇವುಗಳಿಂದ ಪೂರ್ಣನ್ಯಾಯವಾಗುವುದೆಂದು ನಾವು ಹೇಳೆವು. ಆದರೆ ನಿಯಮವನ್ನು ಮಾಡುವವನು, ಅತ್ಯುತ್ತಮವಾದ ಸಂಪರ್ಕವುಳ್ಳ ಪಟ್ಟಣದ ಹುಡುಗನನ್ನು ಮಾತ್ರ ಕಣ್ಣ ಮುಂದಿಟ್ಟುಕೊಳ್ಳದೆ, ತಂದೆಯ ಹಳೆಯ ಫೋನನ್ನು ಸಂಜೆ ಒಂದು ಗಂಟೆಯ ಹೊತ್ತು ಕಡ ಪಡೆದ ಹುಡುಗನನ್ನೂ ನೆನೆಯಬೇಕು. ಅವನನ್ನು ನೆನೆಯದ ನಿಯಮವು ಎಷ್ಟು ಸೂಕ್ಷ್ಮ ಗಣಿತದಿಂದ ಕೂಡಿದ್ದರೂ ನ್ಯಾಯವೆನಿಸದು.

ಈ ಮಾತನ್ನು ಬರೆಯುವಾಗ ನಮ್ಮ ಲೇಖನಿಯು ಸ್ವಲ್ಪ ತಡೆಯಿತೆಂಬುದನ್ನು ಮುಚ್ಚಿಡಲಾರೆವು. ಬಹಳ ವರ್ಷಗಳ ಕೆಳಗೆ ನಮ್ಮ ತರಗತಿಯಲ್ಲಿ ಕುರಿ ಕಾಯುವವರ ಮನೆಯ ಹುಡುಗನೊಬ್ಬನಿದ್ದನು. ಅರ್ಧವಾರ್ಷಿಕ ಪರೀಕ್ಷೆಯ ಎರಡು ದಿನ ಅವನು ಬರಲಿಲ್ಲ. ಮೇವನ್ನು ಹುಡುಕಿಕೊಂಡು ಹೊರಟ ಮಂದೆಯೊಡನೆ ಹೋಗಿದ್ದನು. ಬಾರದ ವಿಷಯಗಳಿಗೆ ಸೊನ್ನೆಯನ್ನು ಹಾಕಿ, ಕೂಡಿಸಿ, ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದೆವು. ಅವನ ಹೆಸರು ಕಟ್ಟಕಡೆಯದು. ಬರೆದ ವಿಷಯಗಳಲ್ಲಿ ಅವನ ಅಂಕಗಳು ತರಗತಿಯ ಅರ್ಧದಷ್ಟು ಹುಡುಗರಿಗಿಂತ ಮೇಲಿದ್ದವು; ಅದನ್ನು ಪಟ್ಟಿಯು ಹೇಳಲಿಲ್ಲ. ಪಟ್ಟಿಯ ಮುಂದೆ ನಿಂತಿದ್ದ ಅವನನ್ನು ಕಂಡು, “ಕಡೆಯವನಾದೆಯಲ್ಲೋ” ಎಂದು ನಾವು ನಾಲ್ವರ ಮುಂದೆ ಅಂದದ್ದೂ ನಿಜ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಹೋಗಿ ಕರೆತರುವ ಮನಸ್ಸನ್ನೂ ನಾವು ಮಾಡಲಿಲ್ಲ. ಈಚೆಗೆ ಚಳ್ಳಕೆರೆಯ ಸಂತೆಯಲ್ಲಿ ಅವನೇ ನಮ್ಮನ್ನು ಗುರುತಿಸಿ ನಮಸ್ಕರಿಸಿದನು. ನಾಲ್ವತ್ತು ಕುರಿಗಳ ಬೆಲೆಯನ್ನು, ದಲ್ಲಾಳಿಯ ಪಾಲನ್ನು ಕಳೆದು, ಬಾಯಲ್ಲಿಯೇ ಲೆಕ್ಕಹಾಕಿ ಹೇಳುತ್ತಿದ್ದನು. ಪಟ್ಟಿಯ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಬಾರದಿರುವುದನ್ನು ಬಾರದವನೆಂದು ಎಣಿಸಿದ ಆ ಸೊನ್ನೆಗಳು, ಟವರ್ ಹೋಗಿ ಬಂದ ಸೋಲುಗಳಿಗಿಂತ ಯಾವ ರೀತಿಯಲ್ಲಿ ಬೇರೆ?

ಆದಕಾರಣ, ಮಕ್ಕಳ ಕೈಯಲ್ಲಿ ಇಂಥ ಆಟಗಳನ್ನು ಕಾಣುವ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಸಂಖ್ಯೆಯನ್ನು ತೋರಿಸಿದ ಮಗುವನ್ನು ಹೊಗಳುವುದಕ್ಕೂ ಹಳಿಯುವುದಕ್ಕೂ ಮೊದಲು ಕೆಲವನ್ನು ಕೇಳಿ ನೋಡಬೇಕು. ಈ ಸಂಖ್ಯೆಯು ಎದುರಾಳಿಯ ಬಲವನ್ನು ಎಣಿಸುವುದೋ, ಬರಿಯ ಹೊತ್ತನ್ನು ಎಣಿಸುವುದೋ? ಎಷ್ಟು ಆಟಗಳ ಮೇಲೆ ನಿಂತಿದೆ? ಸೋಲುಗಳಲ್ಲಿ ಪೂರ್ತಿಯಾಗಿ ಆಡಿ ಸೋತವು ಎಷ್ಟು? ಸಂಖ್ಯೆಯು ಇಳಿದೀತೆಂದು ಮಗು ಆಟವನ್ನೇ ಬಿಟ್ಟಿದೆಯೆ, ಅಥವಾ ಏರಲೆಂದು ನಿದ್ದೆಯನ್ನು ಬಿಟ್ಟಿದೆಯೆ? ಈ ಎರಡರಲ್ಲಿ ಒಂದಿದ್ದರೂ ಅಳತೆಯು ಆಳಿನ ಸ್ಥಾನದಿಂದ ಯಜಮಾನನ ಸ್ಥಾನಕ್ಕೆ ಬಂದಿತೆಂದೇ ತಿಳಿಯಬೇಕು. ಸರಿಯಾದ ಬಲಾಂಕದಿಂದ ಮಗುವಿಗಾಗುವ ದೊಡ್ಡ ಪ್ರಯೋಜನವೆಂದರೆ ಸರಿಸಮಾನನಾದ ಜೊತೆಗಾರನು ಸಿಕ್ಕುವುದು. ಅಂಥವನೊಡನೆ ಆಡುವಾಗ ಅರ್ಧದಷ್ಟು ಆಟಗಳಲ್ಲಿ ಸೋಲುವುದು ಲೆಕ್ಕಕ್ಕೆ ಸಮ್ಮತವಾದುದೇ, ಅದರಲ್ಲಿ ನಾಚಿಕೆಯಿಲ್ಲ.

ಜಗಲಿಯ ಮೇಲಿನ ವ್ಯಾಜ್ಯವನ್ನು ನಾವು ಹೀಗೆ ತೀರಿಸಿದೆವು. ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು ಗೆರೆ ಎಳೆದು, ಇಬ್ಬರ ಹೆಸರಿನ ಮುಂದೆಯೂ ೧೦೦೦ ಎಂದು ಬರೆದೆವು. ಗುಣಕ ೨೦. ನಿರೀಕ್ಷೆ, ಫಲ, ವ್ಯತ್ಯಾಸ ಇವುಗಳನ್ನು ಅವರೇ ಲೆಕ್ಕಹಾಕಬೇಕು. ಒಬ್ಬನು ಹಾಕಿದ್ದನ್ನು ಮತ್ತೊಬ್ಬನು ತಾಳೆನೋಡಬೇಕು. ಮನೆಯವರು ಕರೆದು ಆಟ ನಿಂತರೆ ಸೋಲಲ್ಲ. ಕಾಯಿಗಳ ಸ್ಥಾನವನ್ನು ಬರೆದಿಟ್ಟು ಮರುದಿನ ಮುಂದುವರಿಸತಕ್ಕದ್ದು. ಮೊದಮೊದಲು ನಮ್ಮ ಮೊಮ್ಮಗನು ಮುಖವನ್ನು ಗಂಟುಹಾಕಿಕೊಂಡೇ ಆಡಿದನು. ನಾಲ್ಕನೆಯ ದಿನ, ಕೆಳಗಿನವನು ಗೆದ್ದರೆ ಹೆಚ್ಚು ಅಂಕ ಬರುವುದೆಂದು ಅರಿತ ಮೇಲೆ ಅವನ ಉತ್ಸಾಹವು ಬೇರೆಯಾಯಿತು. ಏಕೆಂದರೆ ಈಗ ಕೆಳಗಿನವನು ಅವನೇ!

ರಜೆ ಮುಗಿಯುವ ವೇಳೆಗೆ ೨೦ ಆಟಗಳಾಗಿದ್ದವು. ಕುರಿಗಾಹಿಯ ಮಗನಿಗೆ ೧೩ ಗೆಲುವು, ನಮ್ಮ ಮೊಮ್ಮಗನಿಗೆ ೫, ಸಮಸಮ ೨. ಪುಸ್ತಕದಲ್ಲಿ ಒಬ್ಬನ ಅಂಕ ಸುಮಾರು ೧೦೫೦, ಮತ್ತೊಬ್ಬನದು ೯೫೦, ಕೂಡಿಸಿದರೆ ೨೦೦೦ವೇ. ಹೊರಡುವ ಹಿಂದಿನ ಸಂಜೆ ೨೧ನೆಯ ಆಟವು ನಡೆಯುತ್ತಿರುವಾಗಲೇ ಕತ್ತಲಾಯಿತು. ಮಂದೆಯನ್ನು ಕೂಡುವುದಕ್ಕೆ ಹುಡುಗನಿಗೆ ಕರೆ ಬಂತು. ಆಗ ನಮ್ಮ ಮೊಮ್ಮಗನ ಆನೆಯೊಂದು ಹೆಚ್ಚಾಗಿತ್ತು. ಅವನೇ ಪುಸ್ತಕವನ್ನು ತೆಗೆದುಕೊಂಡು ಕಾಯಿಗಳ ಸ್ಥಾನವನ್ನು ಒಂದೊಂದಾಗಿ ಬರೆದು, ಫಲದ ಮನೆಯನ್ನು ಖಾಲಿ ಬಿಟ್ಟನು. ಪುಸ್ತಕವು ನಮ್ಮ ಮೇಜಿನ ಮೇಲೆ, ಮುಂದಿನ ರಜೆಗಾಗಿ, ಹಾಗೆಯೇ ಇದೆ.